ಬಾಡಿಗೆ ಮನೆ, 25 ಲಕ್ಷದ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಾಣುತ್ತದೆ: ಎರಡನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಕೆಳಗೆ ರಸ್ತೆ ಬದಿಯಲ್ಲಿ ಕವರ್ ಹೊದ್ದು ನಿಂತ ದೊಡ್ಡ ಎಸ್‌ಯುವಿ. "ಆ ದುಡ್ಡಲ್ಲಿ ಒಂದು ಸೈಟ್ ಆಗ್ತಿತ್ತಲ್ಲ" ಅನ್ನುತ್ತಾರೆ ನೆಂಟರು. "ಆ ದುಡ್ಡಿಗೆ ಬೆಂಗಳೂರಲ್ಲಿ ಏನು ಬರುತ್ತೆ ಹೇಳಿ" ಅನ್ನುತ್ತಾರೆ ಕಾರಿನವರು. ಇಬ್ಬರೂ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಕೆಳಗಿನ ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಶೋರೂಂ ಬೆಲೆ 20 ಲಕ್ಷ ಇದ್ದು ತೆರಿಗೆ, ವಿಮೆ ಸೇರಿ 25 ಲಕ್ಷ ಬೀಳುವ ಒಂದು ಪೆಟ್ರೋಲ್ ಕಾರು, 1 ಕೋಟಿ ರೂಪಾಯಿಯ ಒಂದು ಫ್ಲ್ಯಾಟು. ಕಾರು ಸಾಲಕ್ಕೆ ವಾರ್ಷಿಕ ಶೇ 9, ಮನೆ ಸಾಲಕ್ಕೆ ಶೇ 8.5 ಬಡ್ಡಿ ಎಂದು ಹಿಡಿದಿದ್ದೇವೆ. ನಿಮ್ಮ ಬ್ಯಾಂಕಿನ ದರ ಹಾಕಿಕೊಂಡರೆ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ಅಷ್ಟೇ.

ಸ್ವಂತ ಮನೆ ಇಲ್ಲದವರು ಅಷ್ಟು ದುಬಾರಿ ಕಾರು ಯಾಕೆ ತಗೊಳ್ತಾರೆ?

ಬಹಳಷ್ಟು ಜನ ಮನೆ ಬೇಡ, ಕಾರು ಸಾಕು ಎಂದು ಕೂತು ತೀರ್ಮಾನ ಮಾಡಿದವರಲ್ಲ. ಒಳಗೆ ಕಾಲಿಡಲು ಬೇಕಾದ ಕೈದುಡ್ಡಿನಲ್ಲೇ ಅಗಾಧ ವ್ಯತ್ಯಾಸವಿದೆ. ಕಾರಿಗೆ 5 ಲಕ್ಷ ಇದ್ದರೆ ಉಳಿದದ್ದನ್ನು ಬ್ಯಾಂಕು ಕೊಡುತ್ತದೆ. ಮೂರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಒಳ್ಳೆಯ ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆಗೆ ಸಿಗುವ ಅಂಕ) ಇದ್ದರೆ ಶೋರೂಮಿನಲ್ಲೇ ಕೂತು ಒಂದೆರಡು ದಿನದಲ್ಲಿ ಸಾಲ ಮಂಜೂರಾಗುತ್ತದೆ. ಮನೆಗೆ 33 ಲಕ್ಷದಷ್ಟು ಸ್ವಂತ ಹಣ ಬೇಕು, ಅದರ ಮೇಲೆ ಕಾಗದಪತ್ರಗಳ ಪರಿಶೀಲನೆ ವಾರಗಟ್ಟಲೆ ಹಿಡಿಯುತ್ತದೆ. 32 ವರ್ಷದ ಒಬ್ಬ ಉದ್ಯೋಗಿಯ ಖಾತೆಯಲ್ಲಿ 6 ಲಕ್ಷ ಇದ್ದರೆ ಅವನಿಗೆ ಇವತ್ತು ಸಿಗುವುದು ಕಾರು ಮಾತ್ರ. ಮನೆ ಕೈಗೆಟುಕಲು ಇನ್ನೂ ಐದಾರು ವರ್ಷ ಬೇಕು ಎಂದು ಗೊತ್ತಾದಾಗ ಕೈಗೆ ಸಿಗುವುದರ ಕಡೆ ಮನಸ್ಸು ವಾಲುತ್ತದೆ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ.

33 ಲಕ್ಷ ಹೇಗಾಗುತ್ತೆ? ಬಿಡಿಸಿ ಹೇಳಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಮನೆ ಸಾಲ ಆಸ್ತಿ ಬೆಲೆಯ ಶೇ 90ರಷ್ಟು ಇರಬಹುದು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80 ಮಿತಿ, ಅದಕ್ಕೂ ಮೇಲಿನದಕ್ಕೆ ಶೇ 75. ಹಾಗಾಗಿ 1 ಕೋಟಿಯ ಫ್ಲ್ಯಾಟಿಗೆ 75 ಲಕ್ಷ ಸಾಲ, 25 ಲಕ್ಷ ಸ್ವಂತದ್ದು.

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಈ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಸೆಸ್ ಶೇ 10, ನಗರದಲ್ಲಿ ಸರ್‌ಚಾರ್ಜ್ ಶೇ 2. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 7.6 ಲಕ್ಷ. ಅಲ್ಲಿಗೆ 32.6 ಲಕ್ಷ ಆಯಿತು. ಕಟ್ಟಡ ಇನ್ನೂ ಮುಗಿದಿಲ್ಲದಿದ್ದರೆ ಶೇ 5 ಜಿಎಸ್‌ಟಿ, ಇನ್ನೊಂದು 5 ಲಕ್ಷ. ವಾರ್ಡ್‌ರೋಬು, ಅಡುಗೆಮನೆ ಕೆಲಸ, ಅಸೋಸಿಯೇಷನ್ ಠೇವಣಿ, ವಕೀಲರ ಫೀಸು ಇದಕ್ಕೆ ಸೇರಿಲ್ಲ.

ಕಾರಿಗೆ 5 ಲಕ್ಷ ಸಾಕು ಅಂದ್ರಿ. ಕೊನೆಗೆ ಅದರ ನಿಜವಾದ ಬೆಲೆ ಎಷ್ಟು?

ಶೋರೂಂ ಬೆಲೆ 20 ಲಕ್ಷ. 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಸೆಸ್ ಬೇರೆ. ಎಲ್ಲ ಸೇರಿ ಸುಮಾರು 3.75 ಲಕ್ಷ. 20 ಲಕ್ಷ ದಾಟಿದರೆ ಶೇ 18ರ ದರ. ವಿಮೆ, ಶೇ 1ರ ಟಿಸಿಎಸ್ (ಮಾರುವವರು ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ), ನೋಂದಣಿ, ಫಾಸ್ಟ್ಯಾಗ್ ಎಲ್ಲ ಸೇರಿದರೆ ಆನ್‌ರೋಡ್ 25 ಲಕ್ಷದ ಹತ್ತಿರ. ಟಿಸಿಎಸ್ ಹಣ ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಮರೆಯುವವರು ಬಹಳ, ಬಿಡಬೇಡಿ.

20 ಲಕ್ಷ ಸಾಲವನ್ನು 7 ವರ್ಷಕ್ಕೆ ಹಾಕಿಸಿದರೆ ತಿಂಗಳ ಕಂತು 32,178 ರೂಪಾಯಿ. 84 ಕಂತುಗಳಲ್ಲಿ 27 ಲಕ್ಷ, ಮೊದಲು ಕೊಟ್ಟ 5 ಲಕ್ಷ ಸೇರಿ 32 ಲಕ್ಷ. ಮೇಲಿನ ಉತ್ತರದ 32.6 ಲಕ್ಷದ ಪಕ್ಕ ಇದನ್ನು ಇಟ್ಟು ನೋಡಿ. ಫ್ಲ್ಯಾಟಿಗೆ ಬೇಕಿದ್ದ ಕೈದುಡ್ಡು, ಕಾರಿಗೆ ಏಳು ವರ್ಷದಲ್ಲಿ ಹೋಗುವ ಹಣ, ಎರಡೂ ಹೆಚ್ಚುಕಡಿಮೆ ಒಂದೇ. ಹಣ ಹೊಂದುವುದೇ ಇಲ್ಲ ಎಂದುಕೊಂಡವರು ಅದನ್ನು ಕಂತುಕಂತಾಗಿ ಹೊಂದಿಸಿಯೇ ಇರುತ್ತಾರೆ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 40 ಜಿಎಸ್‌ಟಿ, ಸಣ್ಣವಕ್ಕೆ ಶೇ 18. ಶೇ 40ರ ವರ್ಗದ ಕಾರಾದರೆ 20 ಲಕ್ಷದ ಶೋರೂಂ ಬೆಲೆಯಲ್ಲಿ 5.7 ಲಕ್ಷ ಜಿಎಸ್‌ಟಿಯೇ. ರಸ್ತೆ ತೆರಿಗೆ ಸೇರಿಸಿದರೆ 25 ಲಕ್ಷದಲ್ಲಿ ಸುಮಾರು 9.5 ಲಕ್ಷ ಸರ್ಕಾರಕ್ಕೆ. ಕಾರು ಮಾರುವ ದಿನ ಈ ಹಣವನ್ನು ಯಾರೂ ಹಿಂದಿರುಗಿಸುವುದಿಲ್ಲ.

ಎಲ್ಲಾ ತೋರಿಕೆಗೇ ಅಲ್ವಾ?

ತೋರಿಕೆಯ ಪಾಲು ಇದೆ. ಆದರೆ ಅದರ ಹಿಂದೆ ಕಾರಣವೂ ಇದೆ. ಊರ ಜಾತ್ರೆ, ಮದುವೆ ಛತ್ರ, ಆಫೀಸಿನ ಪಾರ್ಕಿಂಗು, ಇಲ್ಲೆಲ್ಲ ಮನುಷ್ಯನ ಜೊತೆ ಬರುವುದು ಕಾರು. ಕನಕಪುರ ರಸ್ತೆಯ ಫ್ಲ್ಯಾಟನ್ನು ಹಾಸನದ ನೆಂಟರು ಗೃಹಪ್ರವೇಶದ ದಿನ ಒಮ್ಮೆ ನೋಡಿಯಾರು, ಅಷ್ಟೇ.

ಕೆಲವು ಕಸುಬುಗಳಲ್ಲಿ ಈ ತೋರಿಕೆಯೇ ಬಂಡವಾಳ. ಜಮೀನು ವ್ಯವಹಾರ ಮಾಡಿಸುವವರು, ಸಿವಿಲ್ ಗುತ್ತಿಗೆದಾರರು, ತಾಲ್ಲೂಕು ಮಟ್ಟದ ರಾಜಕಾರಣದಲ್ಲಿರುವವರು ಇನ್ನೋವಾ, ಫಾರ್ಚೂನರ್‌ಗಳಲ್ಲಿ ಬರುವುದನ್ನು ನೋಡಿ. ಎರಡು ಕೋಟಿಯ ಜಮೀನು ತೋರಿಸುವವರು ಹಳೆಯ ಸಣ್ಣ ಕಾರಿನಲ್ಲಿ ಬಂದಿಳಿದರೆ ಎದುರಿನವರು ಟೋಕನ್ ಕೊಡಲು ಹಿಂಜರಿಯುತ್ತಾರೆ. ಅಂಥವರಿಗೆ ಕಾರಿನ ಕಂತು ಅಂಗಡಿ ಬಾಡಿಗೆಯ ಹಾಗೆ ದಂಧೆಯ ಖರ್ಚು. ತಿಂಗಳ ಸಂಬಳದವರ ವಿಷಯ ಬೇರೆ. ಅವರ ಸಂಬಳವನ್ನು ಅವರ ಕಾರು ಒಂದು ರೂಪಾಯಿಯೂ ಏರಿಸುವುದಿಲ್ಲ.

"ಊರಲ್ಲಿ ಮನೆ ಇದೆಯಲ್ಲ, ಇಲ್ಲಿ ಯಾಕೆ?" ಅನ್ನೋದು ಒಳ್ಳೆಯ ಕಾರಣವೇ?

ಕಾರು ಮೊದಲು ಎನ್ನುವವರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ಇದು. ಊರಿನ ಮನೆ ಪಿತ್ರಾರ್ಜಿತವಾಗಿದ್ದರೆ ಮೊದಲು ನಿಮ್ಮ ಪಾಲು ಎಷ್ಟು ನೋಡಿ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ನಿಯಮ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶದಾದ್ಯಂತ 2005ರಲ್ಲಿ. ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ಹಂಚಿದ ಮೇಲೆ ಉಳಿಯುವುದು ಒಂದು ಕೋಣೆ, ಅರ್ಧ ಹಿತ್ತಿಲು ಇರಬಹುದು. ವಿಭಾಗಪತ್ರ ನೋಂದಣಿಯಾಗಿ ಖಾತೆ ನಿಮ್ಮ ಹೆಸರಿಗೆ ಬರುವವರೆಗೆ ಆ ಮನೆಯ ಮೇಲೆ ಸಾಲವೂ ಸಿಗದು, ಮಾರಲೂ ಆಗದು. ನಿವೃತ್ತಿಯ ನಂತರ ಅಲ್ಲಿಗೇ ಹೋಗಿ ಇರುವ ನಿಜವಾದ ಇರಾದೆ ಇದ್ದು, ಪಾಲೂ ಇತ್ಯರ್ಥವಾಗಿದ್ದರೆ ಮಾತ್ರ ಅದನ್ನು ನಿಮ್ಮ ಮನೆ ಎಂದು ಲೆಕ್ಕಕ್ಕೆ ತಗೊಳ್ಳಿ.

ನಮ್ಮ ಅಪ್ಪ ಅಮ್ಮ ಮೊದಲು ಮನೆ ಕಟ್ಟಿ ಆಮೇಲೆ ಕಾರು ತಗೊಂಡ್ರು. ಈಗ ಯಾಕೆ ತಿರುಗುಮುರುಗು?

ಅವರ ಕಾಲದಲ್ಲಿ ಬಿಡಿಎ ನಿವೇಶನ, ಸೊಸೈಟಿ ಸೈಟುಗಳಿದ್ದವು. ಅರ್ಜಿ ಹಾಕಿ ಕಾದು ಪಡೆದು, ಮೊದಲು ಎರಡು ಕೋಣೆ ಹಾಕಿ, ಪಿಎಫ್ ತೆಗೆದು ಮೇಲಿನ ಮಹಡಿ ಎಬ್ಬಿಸಬಹುದಿತ್ತು. ಈಗ ಕೊಳ್ಳುವುದು ಫ್ಲ್ಯಾಟು, ಅದನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿಸಲು ಬರುವುದಿಲ್ಲ.

ತೆರಿಗೆಯೂ ಬದಲಾಯಿತು. ಹಳೆಯ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ 80ಸಿ ಅಡಿ 1.5 ಲಕ್ಷದವರೆಗೆ ಕಡಿತ ಸಿಗುತ್ತಿತ್ತು. ಆಫೀಸಿನ ಹಿರಿಯರು "ಟ್ಯಾಕ್ಸ್ ಉಳಿಯುತ್ತೆ, ಮನೆ ತಗೋ" ಎನ್ನುತ್ತಿದ್ದದ್ದು ಅದಕ್ಕೇ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ. 2023-24ರ ಹಣಕಾಸು ವರ್ಷದಿಂದ ನೀವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ ಅನ್ವಯವಾಗುವುದು ಹೊಸದೇ.

ಕೆಲಸದ ಜಾಗವೂ ಸ್ಥಿರವಿಲ್ಲ. ವೈಟ್‌ಫೀಲ್ಡ್‌ನಲ್ಲಿ ಮನೆ ತೆಗೆದುಕೊಂಡವರ ಆಫೀಸು ಎರಡೇ ವರ್ಷಕ್ಕೆ ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ. ಬಾಡಿಗೆಯವರು ಮನೆ ಬದಲಿಸುತ್ತಾರೆ, ಅಷ್ಟೇ.

ಬಾಡಿಗೆಯಲ್ಲಿದ್ದರೇ ಲಾಭ ಅಂತ ಎಷ್ಟೋ ಜನ ಲೆಕ್ಕ ತೋರಿಸ್ತಾರಲ್ಲ?

ಆ ಲೆಕ್ಕ ಸರಿಯೇ, ಆದರೆ ಅದಕ್ಕೊಂದು ಷರತ್ತು ಇದೆ. 75 ಲಕ್ಷದ ಮನೆ ಸಾಲಕ್ಕೆ 20 ವರ್ಷದ ಕಂತು 65,087 ರೂಪಾಯಿ. ಬೆಂಗಳೂರಿನಲ್ಲಿ ಅಂಥ ಫ್ಲ್ಯಾಟಿನ ಬಾಡಿಗೆ 30 ಸಾವಿರ ಎಂದುಕೊಳ್ಳಿ. ಬಾಡಿಗೆಯವರಿಗೆ ತಿಂಗಳಿಗೆ 35 ಸಾವಿರ ಉಳಿಯುತ್ತದೆ. ಅದನ್ನೂ, ಮನೆಗೆ ಹಾಕಬೇಕಿದ್ದ 32.6 ಲಕ್ಷವನ್ನೂ ಮ್ಯೂಚುಯಲ್ ಫಂಡಿನಲ್ಲೋ ಬೇರೆ ಕಡೆಯೋ ಬಿಡದೆ ತೊಡಗಿಸಿದರೆ ಬಾಡಿಗೆಯವರು ಗೆಲ್ಲುವ ಸಾಧ್ಯತೆ ನಿಜವಾಗಿಯೂ ಇದೆ.

ಈಗ ಕಾರಿನ ಕಂತು ನೆನಪಿಸಿಕೊಳ್ಳಿ: 32,178. ಬಾಡಿಗೆಯಲ್ಲಿ ಉಳಿದ 35 ಸಾವಿರ ಹೆಚ್ಚುಕಡಿಮೆ ಪೂರ್ತಿ ಅಲ್ಲಿಗೇ ಹೋಯಿತು. ಪೆಟ್ರೋಲಿಗೆ ಇನ್ನೂ ಕೈಯಿಂದ ಹಾಕಬೇಕು. ಬಾಡಿಗೆಯ ಪರವಾಗಿ ವಾದಿಸುವ ಲೆಕ್ಕವನ್ನು ಓದಿಕೊಂಡು, ಅದರಲ್ಲಿ ಉಳಿಯಬೇಕಿದ್ದ ಹಣವನ್ನು ಕಾರಿಗೆ ಕಟ್ಟುವವರು ಎರಡೂ ಕಡೆಯಿಂದ ಕಳೆದುಕೊಳ್ಳುತ್ತಾರೆ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ ಎಂದೇ ಹೇಳುತ್ತೇವೆ.

ಭೋಗ್ಯಕ್ಕೆ ಮನೆ ಹಿಡಿದು ಬಾಡಿಗೆ ಉಳಿಸಿ ಕಾರು ತಗೊಂಡರೆ?

ಒಟ್ಟಿಗೆ 15–20 ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ ಈ ಪದ್ಧತಿ ಬೆಂಗಳೂರಿನಲ್ಲಿ ಬಹಳ ಬಳಕೆಯಲ್ಲಿದೆ. ಅಪಾಯ ಇರುವುದು ಹಣ ವಾಪಸ್ ಬರುವಲ್ಲಿ. ಮನೆ ಮಾಲೀಕರು ಅದೇ ಕಟ್ಟಡದ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕು ಬಂದು ನೋಟಿಸ್ ಅಂಟಿಸುತ್ತದೆ, ಭೋಗ್ಯದಾರರು ಹಣಕ್ಕಾಗಿ ಕೋರ್ಟು ಅಲೆಯಬೇಕಾಗುತ್ತದೆ. ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿ ಅಡಮಾನ ಇದೆಯೇ ನೋಡದೆ, ಕರಾರುಪತ್ರ ನೋಂದಾಯಿಸದೆ ಹಣ ಕೊಡಬೇಡಿ. ಹಾಗೇ ಈ ಮೊತ್ತ ನಿಮ್ಮ ಮುಂದಿನ ಮನೆಯ ಕೈದುಡ್ಡು ಎಂಬುದು ನೆನಪಿರಲಿ.

ಕಾರು ಸಾಲ ನಡೀತಿದ್ದರೆ ಮನೆ ಸಾಲ ಸಿಗಲ್ವಾ?

ಸಿಗುತ್ತದೆ, ಕಡಿಮೆ ಸಿಗುತ್ತದೆ. ಎಷ್ಟು ಕಡಿಮೆ ಎಂದು ಬಹಳ ಜನಕ್ಕೆ ಅಂದಾಜು ಇರುವುದಿಲ್ಲ.

ಬ್ಯಾಂಕಿನವರು ಕೈಗೆ ಬರುವ ಸಂಬಳದಲ್ಲಿ ಇಂತಿಷ್ಟು ಪಾಲು ಮಾತ್ರ ಎಲ್ಲ ಕಂತುಗಳಿಗೂ ಸೇರಿ ಹೋಗಬಹುದು ಎಂದು ಹಿಡಿಯುತ್ತಾರೆ. ಶೇ 50 ಎಂದುಕೊಳ್ಳೋಣ. ಸಂಬಳ 1.5 ಲಕ್ಷವಾದರೆ ಕಂತುಗಳಿಗೆ 75 ಸಾವಿರ. ಶೇ 8.5ರಲ್ಲಿ 20 ವರ್ಷಕ್ಕೆ ಒಂದು ಲಕ್ಷ ಸಾಲದ ಕಂತು 868 ರೂಪಾಯಿ. ಹಾಗಾಗಿ 86 ಲಕ್ಷದವರೆಗೆ ಸಾಲ ಸಿಗಬಹುದಿತ್ತು. ಕಾರಿನ 32,178 ಕಳೆದರೆ ಉಳಿಯುವುದು 42,822. ಈಗ ಸಿಗುವ ಸಾಲ 49 ಲಕ್ಷ. 20 ಲಕ್ಷದ ಕಾರು ಸಾಲ 37 ಲಕ್ಷದ ಮನೆ ಸಾಲವನ್ನು ನುಂಗಿತು. ಕಾರು ಸಾಲದ ಅವಧಿ ಚಿಕ್ಕದು, ಅದಕ್ಕೇ ಕಂತು ದೊಡ್ಡದು, ಅದಕ್ಕೇ ಈ ಪೆಟ್ಟು.

ಆರು ತಿಂಗಳೋ ವರ್ಷವೋ ಮಾತ್ರ ಬಾಕಿ ಇರುವ ಸಾಲವನ್ನು ಕೆಲವು ಬ್ಯಾಂಕುಗಳು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮನೆ ಸಾಲಕ್ಕೆ ಅರ್ಜಿ ಹಾಕುವ ಮುನ್ನ ಇದನ್ನು ಕೇಳಿ, ಸಾಧ್ಯವಾದರೆ ಕಾರು ಸಾಲ ತೀರಿಸಿ, ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಸಿಯಿಂದ ಹೈಪಾಥಿಕೇಷನ್ (ಕಾರು ಬ್ಯಾಂಕಿಗೆ ಅಡವಿದೆ ಎಂಬ ನಮೂದು) ತೆಗೆಸಿ. ಸಿಬಿಲ್ ವರದಿಯಲ್ಲಿ ಸಾಲ ಮುಗಿದಿದೆ ಎಂದು ಬರಲು ಸ್ವಲ್ಪ ದಿನ ಹಿಡಿಯುತ್ತದೆ.

ಕಾರು ಮಾರಿ ಸಾಲ ತೀರಿಸಿದರೆ ಆಯ್ತಲ್ಲ?

ಮೊದಲ ನಾಲ್ಕು ವರ್ಷ ಇದು ಕಷ್ಟ. ವಿಮೆಗೆ ಕಾರಿನ ಬೆಲೆ ಹಿಡಿಯುವಾಗ ಶೋರೂಂ ಬೆಲೆಯಿಂದ ಒಂದು ವರ್ಷ ದಾಟಿದ್ದಕ್ಕೆ ಶೇ 20, ಎರಡು ದಾಟಿದ್ದಕ್ಕೆ ಶೇ 30, ಮೂರು ದಾಟಿದ್ದಕ್ಕೆ ಶೇ 40, ನಾಲ್ಕು ದಾಟಿದ್ದಕ್ಕೆ ಶೇ 50 ಕಳೆಯುವ ಪಟ್ಟಿ ರೂಢಿಯಲ್ಲಿದೆ. ನಮ್ಮ ಉದಾಹರಣೆಯ ಕಾರಿಗೆ:

ಒಂದು ವರ್ಷ ಮುಗಿದಾಗ ಸಾಲ ಬಾಕಿ 17.85 ಲಕ್ಷ, ವಿಮಾ ಬೆಲೆ 16 ಲಕ್ಷ.
ಎರಡು ವರ್ಷಕ್ಕೆ ಬಾಕಿ 15.5 ಲಕ್ಷ, ಬೆಲೆ 14 ಲಕ್ಷ.
ಮೂರು ವರ್ಷಕ್ಕೆ ಬಾಕಿ 12.93 ಲಕ್ಷ, ಬೆಲೆ 12 ಲಕ್ಷ.
ನಾಲ್ಕು ವರ್ಷಕ್ಕೆ ಬಾಕಿ 10.12 ಲಕ್ಷ, ಬೆಲೆ 10 ಲಕ್ಷ.

ಬೇಡಿಕೆ ಇರುವ ಮಾಡೆಲ್ಲಾದರೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಹೆಚ್ಚು ಸಿಕ್ಕೀತು, ಐಷಾರಾಮಿ ಸೆಡಾನ್ ಆದರೆ ಕಡಿಮೆಯೂ ಆದೀತು. ಆದರೆ ಅಪಘಾತದಲ್ಲಿ ಕಾರು ಪೂರ್ತಿ ಹೋದರೆ, ಅಂದರೆ ರಿಪೇರಿ ಖರ್ಚು ವಿಮಾ ಬೆಲೆಯ ಶೇ 75 ದಾಟಿದರೆ, ವಿಮಾ ಕಂಪನಿ ಕೊಡುವುದು ಈ ಬೆಲೆಯನ್ನೇ. ಅದೂ ಮೊದಲು ಸಾಲ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಎರಡು ವರ್ಷ ಮುಗಿದ ಹೊತ್ತಿಗೆ ಹೀಗಾದರೆ ಕಾರೂ ಇಲ್ಲ, ಮೇಲೆ ಒಂದೂವರೆ ಲಕ್ಷ ಬಾಕಿ. ಇದನ್ನು ತುಂಬುವುದಕ್ಕೇ ರಿಟರ್ನ್ ಟು ಇನ್‌ವಾಯ್ಸ್ ಎಂಬ ಹೆಚ್ಚುವರಿ ರಕ್ಷೆ ಇದೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಸಿಗುತ್ತದೆ. 7 ವರ್ಷದ ಸಾಲ ಮಾಡಿದವರು ಇದನ್ನು ಬಿಡಲೇಬಾರದು.

ಕಂತು ಬಿಟ್ಟು ತಿಂಗಳಿಗೆ ಎಷ್ಟು ಖರ್ಚು ಬರುತ್ತೆ?

ತಿಂಗಳಿಗೆ 1,000 ಕಿ.ಮೀ., ಲೀಟರಿಗೆ ನಗರದಲ್ಲಿ 12 ಕಿ.ಮೀ. ಅಂದರೆ 83 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ 8,500 ದಾಟುತ್ತದೆ. ಸರ್ವಿಸ್, ವಿಮೆ ನವೀಕರಣ, ಟೈರು ಇವನ್ನೆಲ್ಲ ವರ್ಷದ ಲೆಕ್ಕದಲ್ಲಿ ಎತ್ತಿಟ್ಟು ಹನ್ನೆರಡರಿಂದ ಭಾಗಿಸಿ. ಹೊಸ ಕಾರಿಗೆ ಮೂರನೇ ವ್ಯಕ್ತಿ ವಿಮೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಿರುತ್ತೀರಿ. ಎರಡನೇ ವರ್ಷ ನವೀಕರಿಸಬೇಕಾದದ್ದು ಸ್ವಂತ ಹಾನಿಯ ಭಾಗ ಮಾತ್ರ. ಏಜೆಂಟರು ಎರಡನ್ನೂ ಸೇರಿಸಿ ಬಿಲ್ಲು ಕೊಟ್ಟರೆ ಹಳೆಯ ಪಾಲಿಸಿ ತೆಗೆದು ತೋರಿಸಿ.

ಬಾಡಿಗೆ ಮನೆಯವರಿಗೆ ಇನ್ನೊಂದು ಖರ್ಚು ಇದೆ: ಕಾರು ನಿಲ್ಲಿಸಲು ಜಾಗ ಇರುವ ಮನೆಯ ಬಾಡಿಗೆಯೇ ಹೆಚ್ಚು. ಅಡ್ವಾನ್ಸೂ ಹೆಚ್ಚು. ಇದನ್ನು ಕಾರಿನ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ.

ಮಳೆನೀರಲ್ಲಿ ನಿಂತ ಕಾರಿಗೆ ವಿಮೆ ಬರಲ್ಲ ಅಂತಾರೆ, ನಿಜವೇ?

ಅರ್ಧ ನಿಜ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ನೆಲಮಾಳಿಗೆಗಳಲ್ಲಿ ನೀರು ತುಂಬಿದಾಗ ಬಹಳ ಜನಕ್ಕೆ ಇದು ತಡವಾಗಿ ಗೊತ್ತಾಯಿತು. ನೀರಿನಿಂದ ಸೀಟು, ವೈರಿಂಗ್ ಹಾಳಾದರೆ ಸಮಗ್ರ ವಿಮೆಯಲ್ಲಿ ಪರಿಹಾರ ಇದೆ. ಆದರೆ ನೀರು ಹೊಕ್ಕ ಮೇಲೆ ನೀವು ಸ್ಟಾರ್ಟ್ ಮಾಡಿದರೆ ಏರ್ ಫಿಲ್ಟರ್ ದಾರಿಯಿಂದ ಸಿಲಿಂಡರಿಗೆ ನೀರು ಸೇರುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ಆ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಚಾಲಕರ ಕಡೆಯಿಂದ ಆದ ಹಾನಿ ಎಂದು ವಿಮಾ ಕಂಪನಿ ತಳ್ಳಿಹಾಕುತ್ತದೆ, ಎಂಜಿನ್ ರಕ್ಷೆ ಎಂಬ ಆ್ಯಡ್‌ಆನ್ ಇದ್ದರೆ ಮಾತು ಬೇರೆ. ನೀರು ಬಾಗಿಲ ಮಟ್ಟ ಮುಟ್ಟಿದ್ದರೆ ಕೀಲಿ ತಿರುಗಿಸಬೇಡಿ, ಬಟನ್ ಒತ್ತಬೇಡಿ. ಸಾಧ್ಯವಾದರೆ ಬ್ಯಾಟರಿ ಕಳಚಿ, ಫೋಟೊ ತೆಗೆದು, ವಿಮಾ ಕಂಪನಿಗೆ ಹೇಳಿ ಫ್ಲ್ಯಾಟ್‌ಬೆಡ್ ಲಾರಿಯಲ್ಲೇ ಸಾಗಿಸಿ. ದೊಡ್ಡ ಕಾರುಗಳಲ್ಲಿ ಎಂಜಿನ್ ಬದಲಿಸುವ ಬಿಲ್ಲು ಹಲವು ಲಕ್ಷಕ್ಕೆ ಹೋಗುತ್ತದೆ.

15–20 ಲಕ್ಷಕ್ಕೆ ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ಸಿಗುತ್ತೆ. ಅದು ಜಾಣತನವೇ?

ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಹೊಸದಾಗಿ 60 ಲಕ್ಷ ಇದ್ದ ಕಾರಿನ ಗೇರ್‌ಬಾಕ್ಸು, ಏರ್ ಸಸ್ಪೆನ್ಷನ್, ಹೆಡ್‌ಲೈಟುಗಳಿಗೆ ಇವತ್ತೂ 60 ಲಕ್ಷದ ಕಾರಿನದೇ ದರ. ಹಲವು ಮಾಡೆಲ್‌ಗಳಲ್ಲಿ ಇರುವುದು ರನ್‌ಫ್ಲ್ಯಾಟ್ ಟೈರು, ಸ್ಟೆಪ್ನಿ ಇರುವುದಿಲ್ಲ. ನಮ್ಮ ರಸ್ತೆ ಗುಂಡಿಗಳಲ್ಲಿ ತೆಳು ಪಕ್ಕೆಯ ಟೈರು ಒಡೆದು ಅಲಾಯ್ ಬಾಗುವುದು ಮಾಮೂಲು.

ಕೊಳ್ಳಲೇಬೇಕೆಂದಿದ್ದರೆ ಅಧಿಕೃತ ವರ್ಕ್‌ಶಾಪಿನ ಸರ್ವಿಸ್ ದಾಖಲೆ ಪೂರ್ತಿ ತರಿಸಿ, ಸ್ಕ್ಯಾನರ್ ಹಾಕಿಸಿ ದೋಷಸಂಕೇತ ನೋಡಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ, ಸಾಲ ಇದ್ದಿದ್ದರೆ ಫಾರ್ಮ್ 35, ಬಾಕಿ ಚಲನ್‌ಗಳ ಪರಿಶೀಲನೆ, ಇವಿಲ್ಲದೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ತೆರಿಗೆ ಉಳಿಯುತ್ತಂತೆ?

ಬೇಡ. ಒಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿಯೇ ಮರುನೋಂದಣಿ ಆಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47. ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ಇಂಥ ಐಷಾರಾಮಿ ಕಾರುಗಳನ್ನು ರಸ್ತೆಯಲ್ಲೇ ಹಿಡಿದು ಜಪ್ತಿ ಮಾಡಿದ್ದಾರೆ. ಸುಳ್ಳು ವಿಳಾಸ ಕೊಟ್ಟಿದ್ದರೆ ತೆರಿಗೆ, ದಂಡ ಕಟ್ಟಿದರೂ ವಿಷಯ ಮುಗಿಯದೆ ಕ್ರಿಮಿನಲ್ ಮೊಕದ್ದಮೆಗೂ ಹೋಗಬಹುದು.

ಕಂಪನಿ ಲೀಸ್‌ನಲ್ಲಿ ಕಾರು ತಗೊಂಡರೆ ಟ್ಯಾಕ್ಸ್ ಉಳಿಯುತ್ತೆ ಅಂತ ಎಚ್‌ಆರ್ ಹೇಳ್ತಾರೆ.

ಉಳಿಯುತ್ತದೆ. ಲೀಸ್ ಕಂತು ತೆರಿಗೆ ಹಾಕುವ ಮುನ್ನವೇ ಸಂಬಳದಿಂದ ಹೋಗುತ್ತದೆ, ಸವಲತ್ತಿನ ಮೌಲ್ಯ ಎಂದು ಆದಾಯಕ್ಕೆ ಸೇರುವ ಮೊತ್ತ ಸಣ್ಣದು. ಶೇ 30ರ ತೆರಿಗೆ ಹಂತದಲ್ಲಿರುವವರು ಸ್ವಂತ ಮನೆಗೆ ಮುಂಚೆ ಕಾರು ಹಿಡಿಯಲು ಇದು ದೊಡ್ಡ ಕಾರಣ. ಮುಂಗಡವೂ ಬೇಕಾಗುವುದಿಲ್ಲ.

ಮೂರು ಕಡೆ ಎಡವುತ್ತಾರೆ. ಕೆಲಸ ಬಿಟ್ಟರೆ, ಅಥವಾ ಕಂಪನಿಯೇ ಬಿಡಿಸಿದರೆ, ಉಳಿದ ಲೀಸನ್ನು ಒಟ್ಟಿಗೆ ಕಟ್ಟಬೇಕು ಇಲ್ಲವೇ ಹೊಸ ಕಂಪನಿಗೆ ವರ್ಗಾಯಿಸಬೇಕು. ಹೊಸ ಕಂಪನಿಗೆ ಆ ಲೀಸ್ ಸಂಸ್ಥೆಯ ಜೊತೆ ಒಪ್ಪಂದವೇ ಇಲ್ಲದಿರಬಹುದು. ಅವಧಿ ಮುಗಿದಾಗ ಕಾರು ನಿಮ್ಮದಾಗಲು ಉಳಿಕೆ ಬೆಲೆ ಜೊತೆಗೆ ಜಿಎಸ್‌ಟಿ ಕೊಡಬೇಕು. ಇನ್ನು ಲೀಸ್ ಕಂತಿನೊಳಗೇ ವಿಮೆ, ಸರ್ವಿಸ್ ಸೇರಿಸಿ ದುಬಾರಿ ದರ ಹಾಕಿರುತ್ತಾರೆ. ಸಹಿ ಹಾಕುವ ಮುನ್ನ ಅವಧಿಗೆ ಮೊದಲೇ ಮುರಿದರೆ ಎಷ್ಟು ಎಂಬ ಪಟ್ಟಿಯನ್ನು ತಿಂಗಳವಾರು ಬರೆಸಿಕೊಳ್ಳಿ.

ಸ್ವಂತ ದಂಧೆ ಇರುವವರಿಗೆ ಸವಕಳಿ ವರ್ಷಕ್ಕೆ ಶೇ 15, ಸಾಲದ ಬಡ್ಡಿ, ಇಂಧನ ಇವು ದಂಧೆಗೆ ಬಳಸಿದಷ್ಟು ಮಟ್ಟಿಗೆ ಖರ್ಚಾಗಿ ಸಿಗುತ್ತವೆ. ಜಿಎಸ್‌ಟಿ ಇನ್‌ಪುಟ್ ಮಾತ್ರ ಸಾಮಾನ್ಯವಾಗಿ ಸಿಗದು.

ಮನೆ ಪತ್ರಗಳ ತಲೆಬಿಸಿ ಬೇಡ ಅಂತಲೇ ಕಾರಿಗೆ ಹೋಗ್ತೀವಿ. ಆ ಭಯ ಸರಿಯೇ?

ಭಯಕ್ಕೆ ಕಾರಣ ಇದೆ. ಬಿ ಖಾತಾ ಆಸ್ತಿಗೆ (ನಿಯಮಬದ್ಧವಲ್ಲದ ಆಸ್ತಿಗಳ ಪ್ರತ್ಯೇಕ ಪಟ್ಟಿಯಲ್ಲಿರುವುದಕ್ಕೆ) ಬಹಳ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ರಾಜಕಾಲುವೆ ಒತ್ತುವರಿ ಎಂದು ಕೆಡವಿದ ಮನೆಗಳನ್ನು ಎಲ್ಲರೂ ನೋಡಿದ್ದಾರೆ. ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಇಲ್ಲದ ಅಪಾರ್ಟ್‌ಮೆಂಟುಗಳಿಗೆ ವಿದ್ಯುತ್, ನೀರಿನ ಸಂಪರ್ಕವೇ ಕಗ್ಗಂಟಾಗಿದೆ. ಆದರೆ ಭಯಪಟ್ಟು ಕೂರುವುದಕ್ಕಿಂತ ಪರೀಕ್ಷಿಸುವುದು ಅಗ್ಗ.

ನೋಡಬೇಕಾದವು: ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪದ ಕ್ರಯಪತ್ರಗಳು, ಕನಿಷ್ಠ 30 ವರ್ಷದ ಇಸಿ, ಭೂ ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಇ-ಖಾತಾ, ತೆರಿಗೆ ರಸೀದಿ, ಕಟ್ಟಡ ಮುಗಿದಿದ್ದರೆ ಓಸಿ. ಮುಗಿಯದಿದ್ದರೆ ಕರ್ನಾಟಕ ರೇರಾ (ಕಟ್ಟಡ ಯೋಜನೆಗಳ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ಸಂಖ್ಯೆ ಹಾಕಿ, ಮುಗಿಸಬೇಕಾದ ದಿನಾಂಕ, ದೂರುಗಳನ್ನು ಓದಿ. ಮಾರಾಟ ಕರಾರು ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆಯೇ ಹೇಳುತ್ತದೆ. ಬಿಲ್ಡರ್ ಪರಿಚಯಿಸುವ ವಕೀಲರ ಬದಲು ನಿಮ್ಮದೇ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಅವರ ಫೀಸು ಕಾರಿನ ಒಂದು ಕಂತಿಗಿಂತ ಹೆಚ್ಚಾಗುವುದು ಅಪರೂಪ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಆಸ್ತಿ ಕೊಳ್ಳುವಾಗ ಮಾರುವವರಿಗೆ ಕೊಡುವ ಹಣದಿಂದ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಕಡಿದು ಕಟ್ಟುವ ಹೊಣೆ ಕೊಳ್ಳುವವರದ್ದು.

ಯಾರಿಗೆ ಕಾರು ಮೊದಲು ಅನ್ನೋದು ನಿಜವಾಗಿಯೂ ಸರಿ?

ದಿನಕ್ಕೆ ಎರಡು ಮೂರು ಆಸ್ಪತ್ರೆ ಸುತ್ತುವ ವೈದ್ಯರಿಗೆ. ಜಿಲ್ಲೆಯಿಂದ ಜಿಲ್ಲೆಗೆ ತಿರುಗುವ ಮಾರಾಟ ಪ್ರತಿನಿಧಿಗಳಿಗೆ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಕರೆದೊಯ್ಯಬೇಕಾದ ಹಿರಿಯರು ಮನೆಯಲ್ಲಿರುವವರಿಗೆ. ತಿಂಗಳಿಗೆರಡು ಸಲ ಶಿರಾಡಿಯೋ ಚಾರ್ಮಾಡಿಯೋ ಇಳಿದು ಊರಿಗೆ ಹೋಗುವ ಕುಟುಂಬಕ್ಕೆ ಗಟ್ಟಿ ಬ್ರೇಕು, ಆರು ಏರ್‌ಬ್ಯಾಗು ಇರುವ ಕಾರು ಬೇಕು ಎನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಅಂಥ ಕಾರು 11–12 ಲಕ್ಷಕ್ಕೂ ಸಿಗುತ್ತದೆ. ಸನ್‌ರೂಫು, ದೊಡ್ಡ ಪರದೆ, ತಂಪು ಗಾಳಿ ಬೀಸುವ ಸೀಟು ಸೇರಿದಾಗಲೇ ಅದು 25 ಆಗುವುದು. ಒಂದೇ ಮಾಡೆಲ್ಲಿನ ಕೆಳಗಿನ ಮತ್ತು ಮೇಲಿನ ವೇರಿಯಂಟ್‌ಗಳ ಪಟ್ಟಿ ಅಕ್ಕಪಕ್ಕ ಇಟ್ಟು ಸುರಕ್ಷತೆಯ ಸಾಲುಗಳನ್ನಷ್ಟೇ ಓದಿ.

ಕಾರೂ ಬೇಕು, ಐದು ವರ್ಷದಲ್ಲಿ ಮನೆಯೂ ಬೇಕು. ಆಗುತ್ತಾ?

1.5 ಲಕ್ಷ ಸಂಬಳದಲ್ಲಿ ಆಗುತ್ತದೆ. ಆನ್‌ರೋಡ್ 11 ಲಕ್ಷದ ಕಾರು, 3 ಲಕ್ಷ ಮುಂಗಡ, 8 ಲಕ್ಷ ಸಾಲ, 5 ವರ್ಷ. ಕಂತು 16,607. ದೊಡ್ಡ ಕಾರಿನ ಕಂತಿಗಿಂತ 15,571 ಕಡಿಮೆ. ಆ ವ್ಯತ್ಯಾಸವೊಂದನ್ನೇ ಸಂಬಳ ಬಂದ ದಿನ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಹಾಕಿದರೆ 60 ತಿಂಗಳಿಗೆ ಬಡ್ಡಿ ಬಿಟ್ಟು 9.3 ಲಕ್ಷ. ಅದರ ಮೇಲೆ ವರ್ಷದ ಬೋನಸ್ಸು, ಸಂಬಳ ಏರಿಕೆಯ ಅರ್ಧ ಅಲ್ಲಿಗೇ ಹೋಗಬೇಕು. ಮನೆಗೆ ಅರ್ಜಿ ಹಾಕುವ ಹೊತ್ತಿಗೆ ಕಾರು ಸಾಲ ಮುಗಿದಿರುತ್ತದೆ, ಅರ್ಹತೆ ಪೂರ್ತಿ ಉಳಿದಿರುತ್ತದೆ. ಆರು ತಿಂಗಳ ಮನೆಖರ್ಚು ಈ ಯಾವ ಲೆಕ್ಕಕ್ಕೂ ಸೇರದೆ ಪ್ರತ್ಯೇಕ ಇರಲಿ.

ಕಂತು ಚಿಕ್ಕದು ಕಾಣಲಿ ಎಂದು ಕೊನೆಗೆ ದೊಡ್ಡ ಮೊತ್ತ ಉಳಿಸುವ ಬಲೂನ್ ಯೋಜನೆಗಳನ್ನು ಶೋರೂಮಿನವರು ಮುಂದಿಡುತ್ತಾರೆ. ಮನೆಗೆ ಹಣ ಕೂಡಿಡುತ್ತಿರುವವರು ಅದಕ್ಕೆ ಹೋಗಬೇಡಿ. ಬಲೂನ್ ಮೊತ್ತ ಬರುವ ವರ್ಷವೇ ನಿಮ್ಮ ಮನೆಯ ವರ್ಷವೂ ಆಗಿರುತ್ತದೆ.

ಮಗ ದೊಡ್ಡ ಕಾರೇ ಬೇಕು ಅಂತ ಹಠ ಹಿಡಿದಿದ್ದಾನೆ. ಬೇಡ ಅಂದರೆ ಜಗಳ. ಹೇಗೆ ಹೇಳೋದು?

"ನಮ್ಮ ಕಾಲದಲ್ಲಿ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಅಂಕಿ ಬರೆದು ಕೊಡಲು ಹೇಳಿ: ಕೈಗೆ ಬರುವ ಸಂಬಳ, ಕಾರಿನ ಕಂತು ಜೊತೆಗೆ ತಿಂಗಳ ಖರ್ಚು, ಆ ಕಂತು ಇದ್ದರೆ ಸಿಗುವ ಮನೆ ಸಾಲ, ಇಲ್ಲದಿದ್ದರೆ ಸಿಗುವ ಮನೆ ಸಾಲ. ಕೊನೆಯ ಎರಡನ್ನು ಅವನೇ ಬ್ಯಾಂಕಿನಲ್ಲಿ ವಿಚಾರಿಸಿ ಬರಲಿ. ಸೊಸೆಯೂ ದುಡಿಯುತ್ತಿದ್ದರೆ ಇಬ್ಬರ ಅಂಕಿಯೂ ಇರಲಿ, ಜಂಟಿ ಸಾಲದಲ್ಲಿ ಇಬ್ಬರ ಕಂತುಗಳೂ ಲೆಕ್ಕಕ್ಕೆ ಬರುತ್ತವೆ. ಆಮೇಲೂ ಅವನು ಕಾರನ್ನೇ ಆರಿಸಿದರೆ ಅದು ತಿಳಿದು ಮಾಡಿದ ಆಯ್ಕೆ, ಗೌರವಿಸಿ. ಆದರೆ ಮುಂಗಡಕ್ಕೆ ನಿಮ್ಮ ನಿವೃತ್ತಿ ಹಣ ಕೊಡಬೇಡಿ, ಜಾಮೀನಿಗೆ ಸಹಿಯನ್ನೂ ಹಾಕಬೇಡಿ.

ಈಗಾಗಲೇ ತಗೊಂಡಾಗಿದೆ, ಎರಡು ವರ್ಷ ಆಯ್ತು. ಈಗ ಏನು ಮಾಡಬಹುದು?

ಮೊದಲು ಸಾಲದ ಸ್ಟೇಟ್‌ಮೆಂಟ್ ತೆಗೆದು ಬಾಕಿ ಅಸಲು ನೋಡಿ, ಎರಡು ಮೂರು ಕಡೆ ಕಾರಿನ ಬೆಲೆ ಕಟ್ಟಿಸಿ. ಬೆಲೆ ಬಾಕಿಗಿಂತ ಹೆಚ್ಚಿದ್ದು, ಕಾರು ವಾರಕ್ಕೆ ಎರಡು ದಿನವಷ್ಟೇ ಓಡುತ್ತಿದ್ದರೆ, ಮಾರಿ ಚಿಕ್ಕದಕ್ಕೆ ಇಳಿಯುವುದು ಲಾಭ. ಬೆಲೆ ಕಡಿಮೆ ಇದ್ದರೆ ಈಗ ಮಾರಬೇಡಿ. ಬೋನಸ್ ಬಂದಾಗ ಅಸಲಿಗೆ ಕಟ್ಟಿ ಅವಧಿ ಕುಗ್ಗಿಸಿ. ನಿಶ್ಚಿತ ಬಡ್ಡಿಯ ಸಾಲವಾದರೆ ಮುಂಚಿತವಾಗಿ ಕಟ್ಟಲು ಶುಲ್ಕ ಇದೆಯೇ, ಯಾವ ತಿಂಗಳ ನಂತರ ಕಡಿಮೆಯಾಗುತ್ತದೆ ಎಂದು ಕರಾರುಪತ್ರ ಓದಿ. ಸಾಲ ಮುಗಿದ ಮೇಲೆ ಹೊಸ ಕಾರಿಗೆ ಹೋಗಬೇಡಿ. ಏಳು ವರ್ಷದ ಕಾರು ಚೆನ್ನಾಗಿ ನೋಡಿಕೊಂಡಿದ್ದರೆ ಇನ್ನೂ ಐದಾರು ವರ್ಷ ಓಡುತ್ತದೆ. ಕಂತು ನಿಂತ ತಿಂಗಳಿನಿಂದಲೇ ಅದೇ 32,178 ರೂಪಾಯಿಯನ್ನು ಅದೇ ತಾರೀಖಿಗೆ ಮನೆಯ ಖಾತೆಗೆ ಹಾಕಿಕೊಂಡು ಹೋದರೆ ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟು 15.4 ಲಕ್ಷ ಸೇರುತ್ತದೆ. ಅದರ ಜೊತೆಗೆ ಪಿಎಫ್‌ನಿಂದ ಮನೆಗೆಂದು ತೆಗೆಯಬಹುದಾದ ಮೊತ್ತ ಎಷ್ಟಿದೆ ಎಂದು ಪಾಸ್‌ಬುಕ್ ತೆರೆದು ನೋಡಿ.